ದಿನವೂ ಜೂನ್ ಏಳು

ಸತ್ತವರನ್ನು ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಇಟ್ಟುಕೊಂಡ ಮನೆಗಳು ಹುಬ್ಬಳ್ಳಿಯಲ್ಲಿ ಇನ್ನೂ ಇವೆ. ರಿಪೇರಿಗೆ ಎಲ್ಲರೂ ಬರುವುದು ಮೌನೇಶನ ಅಂಗಡಿಗೆ. ಫ್ಯಾನ್ ಸದ್ದು ಮಾಡುತ್ತದೆಂದು ನೀಲವ್ವ ಗಂಡನನ್ನು ಆಟೋದಲ್ಲಿ ತಂದಿದ್ದಳು.

ಮೌನೇಶ ಧೂಳು ಒರೆಸಿ ಚಾಲು ಮಾಡಿದ. ಪರದೆಯ ಮೂಲೆಯಲ್ಲಿ 1999ರ ಜೂನ್ 7 ಎಂದು ಮೂಡಿತು.

“ನೀಲಾ, ಪಮ್ಮಿ ಸಾಲಿಗೆ ಹೋದ್ಲೇನು?” ಸ್ಪೀಕರಿನಿಂದ ಗಂಡ ಕೇಳಿದ. “ನಿನ್ನ ದನಿ ಯಾಕ ಮುದುಕಿ ದನಿ ಆಗೇತಿ?”

“ಹೋದ್ಲು. ನನಗ ನೆಗಡಿರೀ,” ಎಂದಳು ನೀಲವ್ವ. ಅದು ಅವಳು ದಿನವೂ ಹೇಳುವ ಮಾತು.

ಮೌನೇಶ ಯಂತ್ರ ಆರಿಸಿದ. “ಅಮ್ಮಾರ, ಒಳಗಿನ ಗಡಿಯಾರದ ಸೆಲ್ ಸತ್ತೈತಿ. ಆರಿಸಿದಾಗೆಲ್ಲ ಅವರು ಇದರಾಗ ಬಂದ ಮೊದಲನೇ ದಿನಕ್ಕ ಹೋಗ್ತಾರ. ಹೊಸಾದು ಹಾಕಿದ್ರ, ಇವತ್ತು ಕೇಳಿದ್ದು ನಾಳೆಗೂ ನೆನಪಿರ್ತೈತಿ.”

“ಬ್ಯಾಡಪಾ. ನಮ್ಮ ಮಗಳು ಪಮ್ಮಿ ತೀರಿಕೊಂಡದ್ದು ಅವರಿಗೆ ಗೊತ್ತಿಲ್ಲ. ಗೊತ್ತಾದ್ರ ಅಳ್ತಾರ.”

“ಅಳಲಿ ಬಿಡ್ರಿ. ನೀವೊಬ್ರ ಎಷ್ಟಂತ ಅಳ್ತೀರಿ?”

ಅವನ ಅಂಗೈಯಲ್ಲಿದ್ದ, ಅಂಗಿಯ ಗುಂಡಿಯಷ್ಟೇ ದೊಡ್ಡದಾದ ಸೆಲ್ಲನ್ನು ನೀಲವ್ವ ಎತ್ತಿ ನೋಡಿ ಮರಳಿ ಕೊಟ್ಟಳು.

“ಹಾಕು,” ಎಂದಳು.

ಮೌನೇಶ ಸೆಲ್ ಕೂರಿಸಿ, ಇಂದಿನ ತಾರೀಖು ಬರೆದು, ಚಾಲು ಮಾಡಿದ.

“ನೀಲಾ, ದನಿ ಯಾಕ ಹಿಂಗಾಗೇತಿ?”

ನೀಲವ್ವ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು ಕೂತಳು.

“ನೆಗಡಿ ಅಲ್ರೀ,” ಎಂದಳು.