ಲಿಫ್ಟ್ ಕೆಟ್ಟ ದಿನ

"ಹತ್ತಕ್ಕೆ ಆರು," ಎಂದರು ಅಜ್ಜಿ, ಮಂಡಿ ನೀವಿಕೊಳ್ಳುತ್ತ. ಡಾಕ್ಟರಮ್ಮನ ಪೆನ್ನು ಅಲ್ಲೇ ನಿಂತಿತು. ಹೊಸ ಮಾತ್ರೆಯ ಪರೀಕ್ಷೆ ಶುರುವಾದ ದಿನವೂ ನೋವು ಆರೇ ಇತ್ತು. ಇವತ್ತು ಕೊನೆಯ ಭೇಟಿ, ಮತ್ತದೇ ಆರು.

"ಸರಿಯಾಗಿ ಯೋಚಿಸಿ ಅಜ್ಜಿ, ಚೂರೂ ಕಮ್ಮಿ ಆಗಿಲ್ವಾ?" ಹಾಗೆ ಕೆದಕಿ ಕೇಳುವಂತಿಲ್ಲವೆಂದು ಗೊತ್ತಿದ್ದೂ ಕೇಳಿಬಿಟ್ಟಳು.

"ಇಲ್ಲದ್ದನ್ನ ಹೇಗಮ್ಮ ಹೇಳಲಿ? ಆವಾಗ ಮಂಚದಿಂದ ಬಚ್ಚಲಿಗೆ ಹೋಗೋಷ್ಟರಲ್ಲೇ ಇಷ್ಟು ನೋಯ್ತಿತ್ತು. ಇವತ್ತು ನಿಮ್ಮ ಲಿಫ್ಟ್ ಕೆಟ್ಟಿದೆಯಲ್ಲ, ಮೂರು ಮಹಡಿ ಹತ್ತಿ ಬಂದೆ. ಅಷ್ಟೇ ನೋವು."

ಡಾಕ್ಟರಮ್ಮ ಆ ಹಾಳಾದ ಫಾರಂ ಅನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮೆಟ್ಟಿಲುಗಳನ್ನು ಬರೆಯಲು ಎಲ್ಲೂ ಜಾಗವಿರಲಿಲ್ಲ. ಹಲ್ಲು ಕಚ್ಚಿಕೊಂಡು ಆರು ಎಂದು ಬರೆದು, 'ಗುಣ ಕಂಡಿಲ್ಲ' ಎಂಬಲ್ಲಿ ಗುರುತು ಹಾಕಿದಳು. ತಲೆ ಎತ್ತುವ ಹೊತ್ತಿಗೆ ಅಜ್ಜಿಯ ಚಪ್ಪಲಿ ಸದ್ದು ಕೆಳಗಿನ ಮಹಡಿಯಿಂದ ಕೇಳುತ್ತಿತ್ತು.