ಮೂರನೆಯ ಸಾಲು

ಪೋಸ್ಟ್‌ಡಾಕ್ ಸಂಶೋಧಕನ ಹುದ್ದೆಯ ಸಂದರ್ಶನಕ್ಕೆ ಬಂದ ಹುಡುಗನ ಪಿಎಚ್‌ಡಿ ಗೈಡ್ ಯಾರೆಂದು ತಿಳಿದೊಡನೆ ಪ್ರೊಫೆಸರಮ್ಮನ ಮೈ ಉರಿಯಿತು. ವಿದ್ಯಾರ್ಥಿನಿಯಾಗಿದ್ದಾಗ ಆಕೆ ಕಂಡುಹಿಡಿದ ಪ್ರಮೇಯವನ್ನು ಕದ್ದು, ಸ್ವಂತದ್ದೆಂದು ಅಚ್ಚು ಹಾಕಿಸಿಕೊಂಡವನು ಆ ಗೈಡೇ. ಅದರ ಸಾಧನೆಯ ಮೂರನೆಯ ಸಾಲಿನಲ್ಲಿ ತಪ್ಪಿದೆಯೆಂದು ಆಮೇಲೆ ಗೊತ್ತಾದರೂ ಆಕೆ ಯಾರಿಗೂ ಹೇಳದೆ ಕಾದಿದ್ದರು.

"ನಿಮ್ಮ ಸರ್ ಥಿಯರಂ ಇದ್ಯಲ್ಲ, ಅದನ್ನ ಬೋರ್ಡ್ ಮೇಲೆ ಪ್ರೂವ್ ಮಾಡಿ."

"ಅದೊಂದು ಬೇಡ ಮೇಡಂ. ಬೇರೆ ಏನಾದ್ರೂ ಕೇಳಿ."

"ಯಾಕ್ರೀ? ಅವರ ಹೆಸರು ನಿಂತಿರೋದೇ ಅದರ ಮೇಲೆ. ಬರೀರಿ."

ಹುಡುಗ ಎರಡು ಸಾಲು ಬರೆದು ಸೀಮೆಸುಣ್ಣ ಕೆಳಗಿಟ್ಟ.

"ಇಷ್ಟೇನಾ ಅವರು ಕಲಿಸಿದ್ದು?" ಆಕೆ ನಕ್ಕರು.

"ಮೂರನೇ ಸಾಲು ತಪ್ಪು ಮೇಡಂ. ಅದನ್ನ ಹೇಳಿದ್ದಕ್ಕೇ ಸರ್ ನನ್ನ ಮೇಲೆ ಹಲ್ಲು ಮಸೀತಿದಾರೆ. ನಾನು ಎಲ್ಲೇ ಅಪ್ಲೈ ಮಾಡಿದ್ರೂ ಫೋನ್ ಮಾಡಿ ತಪ್ಪಿಸ್ತಾರೆ. ಇಲ್ಲಿಗೂ ಮಾಡಿರ್ತಾರೆ ಬಿಡಿ."

ಅವನು ಬೋರ್ಡ್ ಒರೆಸಲು ಡಸ್ಟರ್ ಎತ್ತಿಕೊಂಡ. ಆಕೆ ಎದ್ದು ಬಂದು ಅದನ್ನು ಕಸಿದುಕೊಂಡರು.

"ಒರೆಸಬೇಡಿ. ನೀವು ಕೆಲಸಕ್ಕೆ ಸೇರಿದ ವಾರವೇ ನಿಮ್ಮ ಸರ್‌ನ ಇಲ್ಲಿಗೆ ಉಪನ್ಯಾಸಕ್ಕೆ ಕರೆಸ್ತೀನಿ. ಮೂರನೇ ಸಾಲನ್ನ ಎಲ್ಲರ ಮುಂದೆ ಅವರೇ ಬರೀಲಿ."