ಸಮಾಧಾನ ಹೇಳಲು ಬಂದವರು

ಸೇಬಿನ ಚೀಲವನ್ನು ಆಸ್ಪತ್ರೆ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು, ಚರ್ಚಿನ ಹಿರಿಯರಾದ ಮೇಷ್ಟ್ರು, "ದಿನಕ್ಕೊಂದು ತಿನ್ಲಿ, ಬೇಗ ಶಕ್ತಿ ಬರುತ್ತೆ" ಎಂದರು.

ಟೈಲರಮ್ಮ ಗಂಡನ ಮುಖ ನೋಡಿದಳು. ಮುರಿದ ದವಡೆ ಕೂಡಿಕೊಳ್ಳಲೆಂದು ಡಾಕ್ಟರು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದಿದ್ದರು. ಸ್ಟ್ರಾದಲ್ಲಿ ಹಾಲು ಹೀರುವಷ್ಟರಲ್ಲೇ ಬೆವರುವ ಮನುಷ್ಯನಿಗೆ ಸೇಬು!

"ಬಾಯೇ ತೆರೆಯೋಕಾಗಲ್ಲ ಮೇಷ್ಟ್ರೇ."

"ವಿಶ್ವಾಸ ಇರ್ಲಿ ತಂಗಿ. ಇದೆಲ್ಲ ಪರೀಕ್ಷೆ."

ಪರೀಕ್ಷೆ! ಬಂದವರೆಲ್ಲ ಇದನ್ನೇ ಹೇಳಿ ಹೇಳಿ ಅವಳ ತಲೆ ಚಿಟ್ಟು ಹಿಡಿಸಿದ್ದರು. ಶುಕ್ರವಾರದ ಪ್ರಾರ್ಥನೆ ನಡೆಯುತ್ತಿದ್ದುದು ಅವಳ ಮನೆಯ ಮುಂದಿನ ಕೋಣೆಯಲ್ಲೇ, ಹೊಲಿಗೆ ಮಿಷನ್ನನ್ನು ಮೂಲೆಗೆ ಸರಿಸಿ. ಅಲ್ಲಿಗೆ ದೊಣ್ಣೆ ಹಿಡಿದು ನುಗ್ಗಲು ಬಂದವರಿಗೆ ಅವಳ ಗಂಡ ಬಾಗಿಲಲ್ಲಿ ಅಡ್ಡ ನಿಂತಿದ್ದ. ಗೋಡೆಗೆ ಬಣ್ಣ ಬಳಿಯುವ ಬಡಪಾಯಿ ಅವನು, ಜಟ್ಟಿಯಲ್ಲ. ಒಳಗಿದ್ದವರೆಲ್ಲ ಹೊರಟುಹೋಗುವ ತನಕ ನಿಂತೇ ಇದ್ದ, ಆಮೇಲೆ ಬಿದ್ದ.

ಮೇಷ್ಟ್ರ ಹೆಂಡತಿ ಮಂಚದ ಅಂಚಿನಲ್ಲಿ, ಪೇಂಟರನ ಪಾದಕ್ಕೆ ಒತ್ತಿಕೊಂಡೇ ಕುಳಿತು ನಿಟ್ಟುಸಿರುಬಿಟ್ಟರು. "ಯೇಸುಗೋಸ್ಕರ ಏಟು ತಿನ್ನೋ ಭಾಗ್ಯ ಎಲ್ರಿಗೂ ಸಿಗಲ್ಲ ಕಣೇ."

"ಹೌದಕ್ಕಾ, ನಿಮಗೆ ಸಿಗಲಿಲ್ಲ. ಹಿತ್ತಲ ಬಾಗಿಲಿಂದ ಕಾಲಿಗೆ ಬುದ್ಧಿ ಹೇಳಿದ್ರಲ್ಲ."

ಮೇಷ್ಟ್ರು ಕೆಮ್ಮಿದರು. ಅವರು ಬಂದ ಕೆಲಸವೇ ಬೇರೆ ಇತ್ತು. "ನೋಡು ತಂಗಿ, ಜನ ಹೆದರಿದಾರೆ. ಸಭೆಗೆ ಅರ್ಧಕ್ಕರ್ಧ ಬರ್ತಿಲ್ಲ. ಭಾನುವಾರ ನೀನು ಎದ್ದು ನಿಂತು ಸಾಕ್ಷಿ ಹೇಳ್ಬೇಕು. ಎಲ್ಲದಕ್ಕೂ ಕರ್ತನಿಗೆ ಸ್ತೋತ್ರ, ಹೊಡೆದವರನ್ನ ಮನಸಾರೆ ಕ್ಷಮಿಸಿದೀನಿ ಅಂತ. ಎರಡೇ ಮಾತು."

"ಸಾಕ್ಷಿ ಹಾಗಿರ್ಲಿ. ಅವತ್ತಿಂದ ನಂಗೆ ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ." ಹೇಳಿದ ಮೇಲೆ ಅವಳಿಗೆ ಭಯವಾಯಿತು. ಗಂಡನ ದವಡೆ ಇಂದಲ್ಲ ನಾಳೆ ಕೂಡುತ್ತದೆ. ತನ್ನೊಳಗೆ ಮುರಿದಿದ್ದು ಕೂಡದೇ ಹೋದರೆ?

"ಹಾಗಾದ್ರೆ ಈಗ್ಲೇ ಮಾಡು. ಬಾಯಿಬಿಟ್ರೆ ತಾನಾಗೇ ಬರುತ್ತೆ." ಮೇಷ್ಟ್ರು ಆಗಲೇ ಕಣ್ಣು ಮುಚ್ಚಿ ಕೈ ಜೋಡಿಸಿಯಾಗಿತ್ತು. ಅವರ ಹೆಂಡತಿಯೂ ಸೆರಗು ತಲೆಗೆಳೆದುಕೊಂಡರು. ಟೈಲರಮ್ಮನ ಮೈಯೆಲ್ಲ ಉರಿದುಹೋಯಿತು.

"ಕರ್ತನೇ," ಎಂದಳು.

"ಆಮೆನ್," ಎಂದರು ಮೇಷ್ಟ್ರು ಉತ್ಸಾಹದಿಂದ.

"ನಂಗೆ ಸಾಕಾಗಿಹೋಗಿದೆ."

ಮೇಷ್ಟ್ರ ಜೋಡಿಸಿದ ಕೈ ಸಡಿಲವಾಯಿತು.

"ಬಾಗಿಲಲ್ಲಿ ನಿಂತು ಈ ಮನುಷ್ಯ ನಿನ್ನನ್ನೇ ಕೂಗ್ತಿದ್ರು. ಇಡೀ ಬೀದಿಗೆ ಕೇಳಿಸ್ತು, ನಿಂಗೆ ಕೇಳಿಸ್ಲಿಲ್ವಾ? ಹೊಡೆದವನ ಮನೆಗೆ ಹೋದ ತಿಂಗಳು ಬಣ್ಣ ಬಳಿದಿದ್ದೂ ಇವ್ರೇ. ಕ್ಷಮಿಸು ಅಂತೀಯ. ನನ್ನ ಕೈಲಾಗಲ್ಲ, ಬೇಕಾದ್ರೆ ನೀನೇ ಕ್ಷಮಿಸ್ಕೋ. ಸ್ತೋತ್ರ ಗೀತ್ರ ಸದ್ಯಕ್ಕೆ ಕೇಳ್ಬೇಡ. ಸಿಟ್ಟಲ್ಲಿ ನಿನ್ನನ್ನ ಬಿಟ್ಟೇಬಿಡೋಣ ಅಂತಲೂ ನೋಡ್ದೆ. ಬಿಟ್ಟು ಯಾರ ಹತ್ರ ಜಗಳ ಆಡ್ಲಿ? ಇವತ್ತೊಂದಿನ ಇವರಿಗೆ ನೋವಿಲ್ಲದ ನಿದ್ದೆ ಕೊಡು. ನಮ್ಮಿಬ್ಬರ ಜಗಳ ಆಮೇಲೆ ನೋಡ್ಕೊಳ್ಳೋಣ."

ಅಷ್ಟು ಹೇಳಿ ಅವಳು ಮೂಗೊರೆಸಿಕೊಂಡಳು. ಮೇಷ್ಟ್ರು ಒಂದು ಕಣ್ಣು ತೆರೆದು ಹೆಂಡತಿಯನ್ನು ನೋಡಿದರು. ಇಂಥ ಪ್ರಾರ್ಥನೆಯನ್ನು ಏನೆಂದು ಮುಗಿಸಬೇಕೋ ಇಬ್ಬರಿಗೂ ತಿಳಿಯಲಿಲ್ಲ.

ಮಂಚದ ಮೇಲಿಂದ, ಬಿಗಿದ ಹಲ್ಲುಗಳ ಸಂದಿನಿಂದ, ಎಂಜಲಿನ ಜೊತೆಗೆ ಒಂದು ಮಾತು ಹೊರಬಿತ್ತು:

"ಆಮೆನ್."